ತಾಂಡಾದ ಮಕ್ಕಳ ಜೊತೆ ಬಾಲ್ಯವಿವಾಹದ ಮೇಲೆ ನೃತ್ಯರೂಪಕ: ಮಾಡಿದವರು ಅನುಭವ ಹೇಳಿ

ಹೊನ್ನಾಳಿ ಡ್ಯಾನ್ಸ್ ಮಿಸ್

ಎಲ್ಲರಿಗೂ ನಮಸ್ಕಾರ. ಹೊನ್ನಾಳಿ ಕಡೆ ಭರತನಾಟ್ಯ ಕ್ಲಾಸ್ ನಡೆಸುತ್ತೇನೆ. ವಿದ್ವತ್ ಪರೀಕ್ಷೆ ಮುಗಿಸಿ ಆರು ವರ್ಷ ಆಯಿತು. ಪಕ್ಕದ ಸರ್ಕಾರಿ ಹೈಸ್ಕೂಲಿನ ಹೆಡ್‌ಮಿಸ್ ಕರೆಸಿ, ಬಾಲ್ಯವಿವಾಹದ ಮೇಲೆ ನಲವತ್ತು ನಿಮಿಷದ ನೃತ್ಯರೂಪಕ ಮಾಡಿಸಿಕೊಡಿ ಎಂದಿದ್ದಾರೆ. ಹೋದ ದಸರಾ ರಜೆಗೆ ಮನೆಗೆ ಹೋದ ಒಂಬತ್ತನೇ ಕ್ಲಾಸಿನ ಹುಡುಗಿ ವಾಪಸ್ ಬರಲೇ ಇಲ್ಲ. ಮದುವೆ ಮಾಡಿಬಿಟ್ಟಿದ್ದರು.

24 ಮಕ್ಕಳು. ಅರ್ಧಕ್ಕರ್ಧ ಲಂಬಾಣಿ ತಾಂಡಾದವರು, ಆರು ಜನ ಮುಸ್ಲಿಂ ಹುಡುಗಿಯರು. ಯಾರೂ ಅರೆಮಂಡಿ (ಮಂಡಿ ಬಗ್ಗಿಸಿ ನಿಲ್ಲುವ ಭಂಗಿ) ಕೂತು ಗೊತ್ತಿಲ್ಲ. ಕೈಯಲ್ಲಿರುವ ದುಡ್ಡು 60,000. ಲೈವ್ ಹಾಡಿಸಲೋ, ರೆಕಾರ್ಡಿಂಗ್ ಮಾಡಿಸಲೋ? ನಡುವೆ ಹತ್ತು ನಿಮಿಷ ಲಂಬಾಣಿ ಕುಣಿತ ಸೇರಿಸಿದರೆ ಹೇಗೆ? ಅಪ್ಪ ಅಮ್ಮಂದಿರನ್ನು ಹೇಗೆ ಒಪ್ಪಿಸಿದಿರಿ? ಇಂಥದ್ದು ಮಾಡಿದವರು ದಯವಿಟ್ಟು ಹೇಳಿ.

ಜಯನಗರದ ಅಮ್ಮ

ಮಿಸ್, ದುಡ್ಡಿನ ವಿಷಯ ಮೊದಲು ಕೇಳಿಸಿಕೊಳ್ಳಿ. 2019ರಲ್ಲಿ ನನ್ನ ಮಗಳ ರಂಗಪ್ರವೇಶ, ಅಂದರೆ ಒಬ್ಬಳೇ ಕುಣಿಯುವ ಮೊದಲ ಪೂರ್ಣ ಪ್ರದರ್ಶನ, ಮಾಡಿದೆವು. ಲೆಕ್ಕದ ಪುಸ್ತಕ ಇವತ್ತಿಗೂ ಬೀರುವಿನಲ್ಲಿದೆ. ಹಾಲ್ ಬಾಡಿಗೆ 45,000, ಕ್ಲೀನಿಂಗ್ ಮತ್ತು ಜನರೇಟರ್ ಅಂತ ಮೇಲೆ 18,000. ನಟುವಾಂಗ (ತಾಳ ಹಿಡಿದು ಜತಿ ಹೇಳಿ ಕುಣಿಸುವವರು), ಹಾಡುಗಾರಿಕೆ, ಮೃದಂಗ, ಪಿಟೀಲು, ಕೊಳಲು, ಒಬ್ಬೊಬ್ಬರಿಗೆ 25,000ದಂತೆ 1,25,000. ಎಂಟು ರಿಹರ್ಸಲ್, ಪ್ರತಿ ಸಲ ಪ್ರತಿಯೊಬ್ಬರಿಗೂ 3,000, ಅದು 1,20,000. ಡ್ರೆಸ್ ಮೂರು, 54,000. ಟೆಂಪಲ್ ಜುವೆಲರಿ 38,000. ಮೇಕಪ್ 15,000. ಲೈಟಿಂಗ್ 30,000. ಹೂವಿನ ಅಲಂಕಾರ 55,000. ಫೋಟೋ ವಿಡಿಯೋ 85,000. ಕಾರ್ಡ್ ಒಂದಕ್ಕೆ 70 ರೂಪಾಯಿ, 500 ಕಾರ್ಡ್. ಊಟ 450 ಎಲೆ, ಎಲೆಗೆ 380. ಗುರುದಕ್ಷಿಣೆ ಒಂದು ಲಕ್ಷ, ಅದರ ಮೇಲೆ ಸೀರೆ, ಬೆಳ್ಳಿ ತಟ್ಟೆ ಸೇರಿ 46,000. ಒಟ್ಟು 9,37,000.

ನಮ್ಮ ಯಜಮಾನರು ಪಿಎಫ್ ತೆಗೆದರು. ಕಾರ್ಯಕ್ರಮದ ಅತಿ ಉದ್ದದ ಕುಣಿತವಾದ ಪದವರ್ಣ ನಲವತ್ತೆಂಟು ನಿಮಿಷ, ಮಗಳು ಒಂದು ಕಡೆಯೂ ತಪ್ಪಲಿಲ್ಲ. ಅವತ್ತು ಅವಳ ಮುಖ ನೋಡಿದವಳು ನಾನು. ಅದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ. ಆದರೆ ಅವತ್ತೇ ಕೊನೆ. ಈಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಗೆಜ್ಜೆ ಅಟ್ಟದ ಮೇಲೆ ಒಂದು ಡಬ್ಬದಲ್ಲಿದೆ, ಚರ್ಮಕ್ಕೆ ಬೂಷ್ಟು ಬಂದಿದೆ. ವರ್ಷಕ್ಕೊಮ್ಮೆ ಇಳಿಸಿ ಬಿಸಿಲಿಗೆ ಇಡುತ್ತೇನೆ.

ಅದಕ್ಕೇ ಹೇಳುತ್ತೇನೆ, ಆ ಬಡ ಮಕ್ಕಳ ಮನೆಯವರ ಹತ್ತಿರ ಒಂದು ರೂಪಾಯಿ ಖರ್ಚು ಮಾಡಿಸಬೇಡಿ. ಒಂದು ಸಲ ಶುರುವಾದರೆ ಅದು ನಿಲ್ಲುವುದಿಲ್ಲ.

ಬಡಗುತಿಟ್ಟು ಮೇಷ್ಟ್ರು

ನಾನು ಕುಂದಾಪುರದ ಕಡೆಯವ. ಹೈಸ್ಕೂಲ್ ಮಕ್ಕಳಿಗೆ ಯಕ್ಷಗಾನ ಕಲಿಸಿ ಹದಿನಾಲ್ಕು ವರ್ಷ ಆಯಿತು. ಕುಡಿತದ ಮೇಲೆ ಪ್ರಸಂಗ ಮಾಡಿಸಿದೆ, 2017ರಲ್ಲಿ. ಪದ್ಯ ಬರೆಸಲಿಕ್ಕೆ 10,000. ವೇಷಭೂಷಣ ಒಂದು ರಾತ್ರಿಗೆ 26,000. ಭಾಗವತರು, ಚಂಡೆ, ಮದ್ದಳೆ ಮೂವರಿಗೂ ತಲಾ 4,000. ಶನಿವಾರ ಭಾನುವಾರ ಅಂತ 62 ಕ್ಲಾಸ್. ನನ್ನ ಬೈಕಿನ ಪೆಟ್ರೋಲು ಯಾರೂ ಕೊಡಲಿಲ್ಲ, ನಾನು ಕೇಳಲೂ ಇಲ್ಲ.

ಎಂಟನೇ ಕ್ಲಾಸಿನ ಒಂದು ಹುಡುಗಿಯ ತಲೆಗೆ ಕೇದಗೆ ಮುಂದಲೆ ಎಂಬ ಮುಂಡಾಸು ಕಟ್ಟಿದೆವು. ಕಟ್ಟು ಬಿಗಿ ಆಗಿ ತಲೆನೋವು ಬಂದು, ಬಣ್ಣ ಹಚ್ಚುವ ಚೌಕಿಯಲ್ಲೇ ವಾಂತಿ ಮಾಡಿಕೊಂಡಿತು ಮಗು. ಬಿಚ್ಚಿ, ಮುಖ ಒರೆಸಿ, ಎಳನೀರು ಕುಡಿಸಿ ಮತ್ತೆ ಕಟ್ಟಿದೆ. ಇಪ್ಪತ್ತು ನಿಮಿಷ ಆಟ ನಿಂತಿತು. ಅದು ಎದ್ದು ಹೋಗಿ ಕುಣಿಯಿತು! ಘಟೋತ್ಕಚ ಮಾಡಿದ್ದು ಮುಸ್ಲಿಂ ಹುಡುಗಿ. ಮೊದಲು ಮನೆಯಲ್ಲಿ ಬಿಡಲಿಲ್ಲ. ಮೂರು ಸಲ ಅವರ ಮನೆಗೆ ಹೋಗಿ ಚಹಾ ಕುಡಿದು ಬಂದೆ, ಅಷ್ಟೇ. ಆಟದ ದಿನ ಅವಳ ಅಪ್ಪ ಹಿಂದೆ ಲೈಟು ಕಂಬದ ಹತ್ತಿರ ನಿಂತಿದ್ದರು, ಕೂರಲಿಲ್ಲ, ಆದರೆ ಮುಗಿಯುವವರೆಗೆ ಹೋಗಲೂ ಇಲ್ಲ.

ಮರುದಿನ ಹಿರಿಯ ಕಲಾವಿದರೊಬ್ಬರು ಮನೆಗೆ ಬಂದು, ರಂಗಸ್ಥಳಕ್ಕೆ ಬಾಟ್ಲಿ ತಂದೆಯಲ್ಲ, ಆಟಕ್ಕೇ ಅಪಚಾರ ಎಂದರು. ಅವರ ಜೊತೆ ಇವತ್ತಿಗೂ ಮಾತಿಲ್ಲ. ಅದು ನನಗೆ ನೋವು.

ನಿಮಗೆ ಹೇಳುವುದು ಇಷ್ಟೇ ಮಾರಾಯ್ರೆ, ಭರತನಾಟ್ಯದಲ್ಲಿ ಮಾತಿಲ್ಲ. ಹಳ್ಳಿಯವರಿಗೆ ಮುದ್ರೆ ಏನು ಅರ್ಥ ಆಗುತ್ತದೆ? ಯಕ್ಷಗಾನ ಮಾಡಿಸಿ.

ಕೋಟದ ಹುಡುಗ

ಮೇಷ್ಟ್ರೇ, ಕ್ಷಮಿಸಿ. ಶಿವರಾಮ ಕಾರಂತರು ಮಾತು ತೆಗೆದೇ ಯಕ್ಷಗಾನ ಬ್ಯಾಲೆ ಕಟ್ಟಿದರು. ಪಿಟೀಲು, ಸ್ಯಾಕ್ಸೋಫೋನ್ ತಂದರು. ಕನ್ನಡ ಬಾರದ ಊರುಗಳಲ್ಲಿ ಜನ ಕೂತು ನೋಡಿದರು. ಮಾತಿಲ್ಲದಿದ್ದರೆ ಅರ್ಥ ಆಗುವುದಿಲ್ಲ ಎನ್ನುವುದು ಸರಿಯಲ್ಲ.

ಬಡಗುತಿಟ್ಟು ಮೇಷ್ಟ್ರು

ಅದು ಕನ್ನಡ ಬಾರದವರಿಗೆ ಸರಿ. ನಮ್ಮೂರವರಿಗೆ ಯಾಕೆ? ನನ್ನ ಅಜ್ಜ ಗದ್ದೆ ಕೆಲಸ ಮುಗಿಸಿ ಬೆಳಗಿನ ಜಾವದವರೆಗೆ ಕೂರುತ್ತಿದ್ದುದೇ ಅರ್ಥ, ಅಂದರೆ ಪಾತ್ರಗಳ ಮಾತು, ಕೇಳಲಿಕ್ಕೆ. ಕರ್ಣ ಹೀಗೆ ಹೇಳಿದ, ಶಲ್ಯ ಹಾಗೆ ಹೇಳಿದ ಅಂತ ಮರುದಿನ ಸೊಸೈಟಿ ಎದುರು ಅದೇ ಚರ್ಚೆ. ಮಾತು ತೆಗೆದರೆ ಆಟದ ಬೆನ್ನುಮೂಳೆ ತೆಗೆದ ಹಾಗೆ. ಕಾರಂತರ ಮೇಲೆ ನನಗೂ ಗೌರವ ಇದೆ. ಆದರೆ ಈ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ನಾಟ್ಯ ಸೇವಕಿ

ಇಬ್ಬರೂ ಸುಮ್ನೆ ಜಗಳ ಆಡುತ್ತಿದ್ದೀರಿ. ಮೂಲ ಪ್ರಶ್ನೆಯೇ ಬೇರೆ. ಮೂವತ್ತು ವರ್ಷದಿಂದ ಭರತನಾಟ್ಯ ಕಲಿಸುತ್ತಿದ್ದೇನೆ. ಇದು ದೇವರ ಮುಂದೆ ಮಾಡುವ ಸೇವೆ. ಇದನ್ನು ಜಾಗೃತಿ ಜಾಥಾ ಮಾಡಬೇಡಿ. ಮೂರು ತಿಂಗಳಲ್ಲಿ ಮೊದಲ ಪಾಠದ ಹೆಜ್ಜೆಯಾದ ತಟ್ಟಡವು ಕೂಡ ನಿಲ್ಲುವುದಿಲ್ಲ. ಕಾಲು ಗಟ್ಟಿಯಾಗದ ಮಕ್ಕಳನ್ನು ಸ್ಟೇಜ್ ಹತ್ತಿಸಿದರೆ ಮಂಡಿ ಹೋಗುತ್ತದೆ, ಕಲೆಯೂ ಹೋಗುತ್ತದೆ. ನಾನು ನನ್ನ ಶಿಷ್ಯೆಯರಿಗೆ ಏಳು ವರ್ಷ ಗೆಜ್ಜೆ ಕಟ್ಟಿಸುವುದಿಲ್ಲ. ಅದಕ್ಕೇ ಹನ್ನೊಂದು ಮಕ್ಕಳು ಬಿಟ್ಟು ಪಕ್ಕದ ರಸ್ತೆಯ ಕ್ಲಾಸಿಗೆ ಹೋದರು. ಹೋಗಲಿ. ಉಳಿದವರು ನಾಲ್ಕೇ ಜನ, ಆದರೆ ಅವರ ಅರೆಮಂಡಿ ನೋಡಿ.

ಕೂಡ್ಲಿಗಿಯಿಂದ

ದೇವರ ಸೇವೆ ಎಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಅಜ್ಜಿಗೆ ಒಂಬತ್ತನೇ ವಯಸ್ಸಿಗೆ ಮುತ್ತು ಕಟ್ಟಿ ದೇವದಾಸಿ ಮಾಡಿದರು. ಅವಳ ಮಗಳ ಮಗಳು ನಾನು. ಇವತ್ತು ಶಾಲೆಯಲ್ಲಿ ಪಾಠ ಮಾಡುತ್ತೇನೆ, ಕುಣಿತವನ್ನೂ ಕಲಿಸುತ್ತೇನೆ.

ನೀವು ಭರತನಾಟ್ಯ ಎನ್ನುವುದನ್ನು ಮೊದಲು ಸದಿರು ಎನ್ನುತ್ತಿದ್ದರು. ಅದನ್ನು ತಲೆತಲಾಂತರದಿಂದ ಉಳಿಸಿಕೊಂಡು ಬಂದ ದೇವದಾಸಿ ಹೆಂಗಸರನ್ನೇ ಹೊರಗೆ ಹಾಕಿ ಹೆಸರು ಬದಲಾಯಿಸಿದರು. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ಅವರ ಸೇವೆ ನಿಲ್ಲಿಸಿತು. ಮದ್ರಾಸಿನಲ್ಲಿ 1947ರಲ್ಲಿ ದೇವದಾಸಿ ನಿಷೇಧದ ಕಾನೂನು ಬಂತು. ಕರ್ನಾಟಕದಲ್ಲಿ 1982ರಲ್ಲಿ ಬಂತು. ಕಾನೂನು ಬೇಕಿತ್ತು, ನಾನು ಅದರ ವಿರುದ್ಧ ಇಲ್ಲ. ನನ್ನ ಅಮ್ಮ ಉಳಿದದ್ದೇ ಅದರಿಂದ. ಆದರೆ ನಮ್ಮ ಮನೆಯ ಹೆಂಗಸರಿಗೆ ಕಳಂಕ ಉಳಿಯಿತು, ಕುಣಿತ ಮಾತ್ರ ಬೇರೆಯವರ ಮನೆಗೆ ಹೋಯಿತು. ಅದಕ್ಕೆ ಹೇಳುತ್ತೇನೆ, ಈ ಕಲೆಗೂ ಎಳೆ ಹುಡುಗಿಯರ ಬದುಕಿಗೂ ಸಂಬಂಧ ಇಲ್ಲ ಎಂದು ನಮಗೆ ಹೇಳಬೇಡಿ.

ಯಲ್ಲಮ್ಮನ ಹೆಸರಲ್ಲಿ ಕುಣಿಯುವ ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಆ ದಿನ ನಮ್ಮ ಓಣಿಯಲ್ಲಿ ಪೇಡೆ ಹಂಚಿದೆವು. ಕಾಲು ಗಟ್ಟಿಯಾಗಲು ಏಳು ವರ್ಷ ಕಾಯಿರಿ ಎನ್ನುತ್ತೀರಿ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಏಳು ವರ್ಷ ಎಲ್ಲಿದೆ ಮೇಡಂ? ಅಷ್ಟರಲ್ಲಿ ಅವಳಿಗೆ ಎರಡು ಮಕ್ಕಳಾಗಿರುತ್ತವೆ.

ನಾಟ್ಯ ಸೇವಕಿ

ನಿಮ್ಮ ಅಜ್ಜಿಯ ಬಗ್ಗೆ ಓದಿ ಮನಸ್ಸಿಗೆ ಕಷ್ಟ ಆಯಿತು. ನಾನು ಯಾರನ್ನೂ ಹೊರಗೆ ಹಾಕಿದವಳಲ್ಲ. ಆದರೆ ಮಂಡಿ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳಲ್ಲ. ನನಗೇ ಎರಡೂ ಮಂಡಿ ಆಪರೇಷನ್ ಆಗಿದೆ. ಚಿಕ್ಕಂದಿನಲ್ಲಿ ಸಿಮೆಂಟ್ ನೆಲದ ಮೇಲೆ ಕುಣಿಸಿದ್ದರು.

ತೀಜ್ ಬುಟ್ಟಿ

ಹತ್ತು ನಿಮಿಷ ಲಂಬಾಣಿ ಕುಣಿತ ಸೇರಿಸಲಾ ಎಂದು ಕೇಳಿದ್ದೀರಿ. ನಾನು ಲಂಬಾಣಿ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ, ನಿಮ್ಮ ಮೇಲೆ ಅಂತಲ್ಲ.

ಕಾಲೇಜಿನಲ್ಲಿದ್ದಾಗ ಒಂದು ಸ್ಪರ್ಧೆ. ಲಂಬಾಣಿ ಗ್ರೂಪ್ ಡ್ಯಾನ್ಸ್ ಅಂತ ಹದಿನಾರು ಹುಡುಗಿಯರು. ಅದರಲ್ಲಿ ಲಂಬಾಣಿ ನಾನೊಬ್ಬಳೇ. ಬಾಡಿಗೆ ಡ್ರೆಸ್ ತಂದರು, ನೈಲಾನ್ ಬಟ್ಟೆ, ಪ್ಲಾಸ್ಟಿಕ್ ಕನ್ನಡಿ ಅಂಟಿಸಿದ್ದು. ಅಮ್ಮನ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ತರುತ್ತೇನೆ ಎಂದೆ. ಅದು ಹಳೇದು, ಬಣ್ಣ ಮಾಸಿದೆ, ಲೈಟಿಗೆ ಹೊಂದುವುದಿಲ್ಲ ಎಂದರು. ಅಮ್ಮ ಅದನ್ನು ಹೊಲಿದಿದ್ದು ಎರಡು ವರ್ಷ. ಒಂದೊಂದು ಕನ್ನಡಿಗೆ ಸುತ್ತ ದಾರ ಹಾಕಿ ಕೂರಿಸಿದ್ದಳು. ಹಾಡು ಸಿನಿಮಾದ್ದು. ನಮಗೆ ಎರಡನೇ ಬಹುಮಾನ ಬಂತು. ಫೋಟೋದಲ್ಲಿ ನಾನು ಕೊನೆಯ ಸಾಲಿನಲ್ಲಿದ್ದೇನೆ.

ಮೈಸೂರು ಶೈಲಿಯ ಅಭಿನಯಕ್ಕೆ ಹೆಸರಾದ ಕೆ. ವೆಂಕಟಲಕ್ಷಮ್ಮ ಯಾರು ಗೊತ್ತಲ್ವಾ? ಕಡೂರಿನ ತಂಗಲಿ ತಾಂಡಾದಲ್ಲಿ ಹುಟ್ಟಿದ ಲಂಬಾಣಿ ಹೆಣ್ಣುಮಗಳು. ಜಟ್ಟಿ ತಾಯಮ್ಮನವರ ಹತ್ತಿರ ಕಲಿತು ಅರಮನೆಯಲ್ಲಿ ಕುಣಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1965ರಲ್ಲಿ ನೃತ್ಯ ವಿಭಾಗ ಶುರುವಾದಾಗ ಪಾಠ ಹೇಳಿದರು. 1992ರಲ್ಲಿ ಪದ್ಮಭೂಷಣ. ನಿಮ್ಮ ವಿದ್ವತ್ ಪುಸ್ತಕದಲ್ಲಿ ಅವರ ಹೆಸರು ಓದಿರುತ್ತೀರಿ. ನಿಮ್ಮ ತಾಂಡಾದ ಹುಡುಗಿಯರಿಗೆ ಅದನ್ನು ಮೊದಲ ದಿನ ಹೇಳಿ. ಭರತನಾಟ್ಯ ನಮ್ಮದಲ್ಲ ಎಂದು ಅವರಿಗೆ ಯಾರೂ ಹೇಳದ ಹಾಗೆ ಆಗಲಿ.

ಇನ್ನೊಂದು. ಬಾಲ್ಯವಿವಾಹದ ಹಾಡು ನೀವು ಬರೆಸಬೇಕಾಗಿಲ್ಲ. ನಮ್ಮಲ್ಲಿ ಮದುಮಗಳು ತಾನೇ ಹಾಡಿಕೊಂಡು ಅಳುವ ಹಾಡಿದೆ, ಢಾವಲೊ. ಹಿರಿಯ ಹೆಂಗಸರು ಮದುವೆಗೆ ಮೊದಲು ಅವಳಿಗೆ ಕಲಿಸುತ್ತಾರೆ. ನನ್ನ ಅಜ್ಜಿ ಅದನ್ನು ಕಲಿತಾಗ ಅವಳಿಗೆ ಹದಿಮೂರು. ಯಾಕೆ ಅಳುತ್ತಿದ್ದೇನೆ ಅಂತಲೇ ಗೊತ್ತಿರಲಿಲ್ಲ, ಕಲಿಸಿದ್ದರು, ಹಾಡಿದೆ ಎನ್ನುತ್ತಿದ್ದಳು. ತೀಜ್ ಹಬ್ಬದಲ್ಲಿ ಗೋಧಿ ಬಿತ್ತಿ, ಬುಟ್ಟಿಗೆ ನೀರು ಹಾಕಿ, ಸುತ್ತ ಒಂಬತ್ತು ದಿನ ಕುಣಿಯುವುದು ಮದುವೆಯಾಗದ ಹುಡುಗಿಯರು. ಅಜ್ಜಿ ಎರಡೇ ವರ್ಷ ಬುಟ್ಟಿ ಹೊತ್ತಳು. ಮೂರನೇ ವರ್ಷ ಬಾಗಿಲಲ್ಲಿ ನಿಂತು ಗೆಳತಿಯರು ಕುಣಿಯುವುದನ್ನು ನೋಡಿದಳಂತೆ.

ಇದು ಹತ್ತು ನಿಮಿಷದ ಐಟಂ ಅಲ್ಲ. ನಿಮ್ಮ ಇಡೀ ಕಥೆಯೇ ಇದು. ಆದರೆ ತಾಂಡಾಕ್ಕೆ ಹೋಗಿ, ಹಿರಿಯ ಹೆಂಗಸರನ್ನು ಕೇಳಿ, ಅವರು ಒಪ್ಪಿದರೆ ಮಾತ್ರ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದುಬಿಡಬೇಡಿ. ನಮ್ಮ ಮೂರು ಹಾಡು ಹಾಗೇ ಹೋಗಿವೆ.

ಜಯನಗರದ ಅಮ್ಮ

ಕಲೆಗೆ ಜಾತಿ ಇಲ್ಲಮ್ಮ. ಯಾರು ಬೇಕಾದರೂ ಯಾವ ಕುಣಿತ ಬೇಕಾದರೂ ಕಲಿಯಬಹುದು. ಪ್ರತಿಯೊಂದಕ್ಕೂ ನಮ್ಮದು ನಿಮ್ಮದು ಎಂದರೆ ಮಕ್ಕಳು ಹೇಗೆ ಬೆರೆಯುತ್ತಾರೆ?

ತೀಜ್ ಬುಟ್ಟಿ

ಕಲಿಯಬೇಡಿ ಎಂದು ನಾನು ಹೇಳಿದೆನಾ ಅಮ್ಮಾ? ಕೇಳಿ ಕಲಿಯಿರಿ ಎಂದೆ. ನಿಮ್ಮ ಮಗಳಿಗೆ ಜತಿ ಹೇಳಿದವರಿಗೆ ಒಂದು ಲಕ್ಷ, ಬೆಳ್ಳಿ ತಟ್ಟೆ ಕೊಟ್ಟಿರಿ. ನಮ್ಮ ಅಜ್ಜಿಯರ ಹತ್ತಿರ ಹಾಡು ತೆಗೆದುಕೊಂಡವರು ಎಲೆ ಅಡಿಕೆ ಕೂಡ ಕೊಡಲಿಲ್ಲ.

ಜಯನಗರದ ಅಮ್ಮ

ಇದು ಸರಿಯಾದ ಮಾತು. ನನಗೆ ಹೊಳೆದಿರಲಿಲ್ಲ. ಮಿಸ್, ಹಾಡು ಹೇಳಿಕೊಡುವ ಅಜ್ಜಿಯರಿಗೆ ಸೀರೆ, ಸಂಭಾವನೆ ನಾನು ಕಳಿಸುತ್ತೇನೆ. ಎಷ್ಟು ಜನ ಎಂದು ಹೇಳಿ ಸಾಕು.

ಲೆಸ್ಟರ್ ಕನ್ನಡತಿ

ಮೂಲ ಹಾಸನ, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಮನೆಯ ಹಿಂಸೆ ತಪ್ಪಿಸಿಕೊಂಡು ಬಂದ ಹೆಂಗಸರಿಗೆ ಇರುವ ಒಂದು ಆಶ್ರಯದ ಜೊತೆ ಸೇರಿ ಅಕ್ಕಮಹಾದೇವಿಯ ವಚನಗಳ ಮೇಲೆ ಒಂದು ಪ್ರದರ್ಶನ ಮಾಡಿದೆ. ನಾನು ಭರತನಾಟ್ಯ, ಜೊತೆಗೆ ಒಬ್ಬ ಇಂಗ್ಲಿಷ್ ಕಾಂಟೆಂಪರರಿ ಡ್ಯಾನ್ಸರ್. ಅವಳಿಗೆ ನೆಲ ಅಪ್ಪಿಕೊಳ್ಳಬೇಕು, ನನಗೆ ನೆಲ ತಟ್ಟಬೇಕು. ಮೊದಲ ತಿಂಗಳು ಬರೀ ಇದರಲ್ಲೇ ಜಗಳ. ಅವಳು ಎಂಟು ಎಣಿಸುತ್ತಾಳೆ, ನಾನು ಮಿಶ್ರ ಚಾಪು ತಾಳದಲ್ಲಿ ಏಳಕ್ಕೆ ನಿಲ್ಲುತ್ತೇನೆ. ಕೊನೆಗೆ ಅವಳೇ ಕೈಯಲ್ಲಿ ತಾಳ ಹಾಕುವುದನ್ನು ಕಲಿತಳು.

ಖರ್ಚು: ಸ್ಟುಡಿಯೋ ಗಂಟೆಗೆ 18 ಪೌಂಡ್, 70 ಗಂಟೆ, ಅಂದರೆ 1,260. ಇನ್ಶೂರೆನ್ಸ್ 95. ಸಂಗೀತಕ್ಕೆ 900. ಲೈಟಿನವನಿಗೆ 350. ಮಕ್ಕಳನ್ನು ನೋಡಿಕೊಳ್ಳುವವರಿಗೆ 480, ತಾಯಂದಿರು ರಿಹರ್ಸಲ್‌ಗೆ ಬರಬೇಕಲ್ವಾ. ಒಟ್ಟು 3,085. ಸಿಕ್ಕ ಅನುದಾನ 1,200. ಉಳಿದ 1,885 ನನ್ನ ಕೈಯಿಂದ. ಆ ವರ್ಷ ಊರಿಗೆ ಬರಲಿಲ್ಲ. ಅಪ್ಪನ ಎಪ್ಪತ್ತನೇ ವರ್ಷದ ಶಾಂತಿ ತಪ್ಪಿತು.

ನನಗೆ ಇವತ್ತಿಗೂ ಚುಚ್ಚುವುದು ದುಡ್ಡಲ್ಲ. ಗುಂಪಿನಲ್ಲಿ ಒಬ್ಬಳು ಪಂಜಾಬಿ ಹೆಂಗಸು, ತನ್ನ ಕಥೆ ತಾನೇ ಹೇಳುತ್ತೇನೆ ಎಂದಳು. ನಾನು ಖುಷಿಯಿಂದ ಒಪ್ಪಿದೆ. ಬಾಗಿಲು ಬಡಿಯುವ ದೃಶ್ಯಕ್ಕೆ ನಟುವಾಂಗದ ಕೋಲಿನಿಂದ ಮರದ ಹಲಗೆ ತಟ್ಟುತ್ತಿದ್ದೆ. ನಾಲ್ಕನೇ ರಿಹರ್ಸಲ್‌ನಲ್ಲಿ ಆ ಸದ್ದು ಕೇಳಿ ಅವಳು ಮೂಲೆಗೆ ಹೋಗಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕೂತಳು. ಮತ್ತೆ ಬರಲಿಲ್ಲ. ಆ ಕೋಲು ಹಿಡಿದಿದ್ದು ನಾನು. ಆಮೇಲೆ ಹಲಗೆ ತೆಗೆದೆ, ದೃಶ್ಯವನ್ನೇ ತೆಗೆದೆ.

ನಿಮ್ಮ ಹುಡುಗಿಯರಲ್ಲಿ ಯಾರ ಅಕ್ಕನಿಗೆ ಹಾಗೆ ಮದುವೆಯಾಗಿದೆ, ಯಾರಿಗೆ ಈಗಲೇ ಗಂಡು ನೋಡುತ್ತಿದ್ದಾರೆ, ನಿಮಗೆ ಗೊತ್ತಿರುವುದಿಲ್ಲ. ಮದುಮಗಳ ಪಾತ್ರ ಒಬ್ಬಳಿಗೇ ಕೊಡಬೇಡಿ. ಓಢಣಿ ಒಬ್ಬರಿಂದ ಒಬ್ಬರಿಗೆ ಹೋಗಲಿ. ಯಾರೂ ಅವಳಾಗಿ ಉಳಿಯಬೇಕಾಗಿಲ್ಲ.

ನಾಟ್ಯ ಸೇವಕಿ

ವಚನಕ್ಕೆ ಕಾಂಟೆಂಪರರಿ ಹಾಕಿದ್ದು ನನಗೆ ಒಪ್ಪಿಗೆಯಿಲ್ಲ. ಆದರೆ ಕೊನೆಯ ಮಾತು ಒಪ್ಪಿದೆ. ಏಕಾಹಾರ್ಯದಲ್ಲಿ ನಾವು ಮಾಡುವುದೂ ಅದೇ. ಒಬ್ಬಳೇ ಕೃಷ್ಣ ಆಗುತ್ತಾಳೆ, ಯಶೋದೆ ಆಗುತ್ತಾಳೆ, ಮತ್ತೆ ಬಿಟ್ಟು ಬರುತ್ತಾಳೆ.

ಹಾವೇರಿ ಕನ್ನಡ ಮೇಷ್ಟ್ರು

ನಾನು ಸರ್ಕಾರಿ ಹೈಸ್ಕೂಲ್ ಶಿಕ್ಷಕ. ನೀವು ಮಾಡಬೇಕು ಎಂದಿರುವುದನ್ನೇ ಮಾಡಿದವನು. ಪೂರ್ತಿ ಬರೆಯುತ್ತೇನೆ.

26 ಮಕ್ಕಳು. ಸ್ಟುಡಿಯೋ ರೆಕಾರ್ಡಿಂಗ್ 14,000. ಗೆಜ್ಜೆ ಒಂದು ಜೋಡಿಗೆ 650ರಂತೆ 16,900. ಸೀರೆ ಅಮ್ಮಂದಿರದ್ದೇ, ಬ್ಲೌಸ್ ಹೊಲಿಗೆ 180ರಂತೆ 4,680. ಕೊನೆಯ ಬಸ್ಸು ಐದೂವರೆಗೆ. ಅದು ತಪ್ಪಿದ ದಿನ ಟಂಟಂ ಆಟೋ, ಒಂದು ಸಲಕ್ಕೆ 1,200, ಒಂಬತ್ತು ಸಲ. ಮೈಕಿಗೆ 6,000. ಬಿಸಿಯೂಟ ಮಧ್ಯಾಹ್ನಕ್ಕೇ ಕರಗಿರುತ್ತದೆ, ಸಂಜೆ ಮಂಡಕ್ಕಿ ಬಾಳೆಹಣ್ಣಿಗೆ ದಿನಕ್ಕೆ 300, 55 ದಿನ. ಒಟ್ಟು 68,880. ನಮಗೆ ಸಿಕ್ಕಿದ್ದು 45,000. ಮಿಕ್ಕಿದ್ದು ನಾನು ಹಾಕಿದೆ. ನನ್ನ ಹೆಂಡತಿಗೆ ಹೇಳಿದ್ದು 8,000 ಅಂತ.

ಜನವರಿ ಬಂತು, ಮೆಣಸಿನಕಾಯಿ ಬಿಡಿಸುವ ಸುಗ್ಗಿ. ಐದು ಮಕ್ಕಳು ಕೂಲಿಗೆ ಹೋದರು. ಕೈ ಉರಿ ಅಂತ ಮುದ್ರೆ ಹಿಡಿಯಲು ಆಗದೆ ಒಬ್ಬಳು ಅಳುತ್ತಿದ್ದಳು. ಕೊಬ್ಬರಿ ಎಣ್ಣೆ ತಂದಿಟ್ಟೆ. ಕೂಲಿ ಬಿಡಿ ಎಂದು ಹೇಳುವ ಹಾಗಿಲ್ಲ. ರಿಹರ್ಸಲ್ ಸಮಯವನ್ನೇ ಬೆಳಿಗ್ಗೆ ಏಳಕ್ಕೆ ಮಾಡಿದೆ.

ಪ್ರದರ್ಶನದ ದಿನ ಹದಿನೇಳನೇ ನಿಮಿಷಕ್ಕೆ ಕರೆಂಟ್ ಹೋಯಿತು. ಮಕ್ಕಳು ರೆಕಾರ್ಡಿಂಗಿಗೇ ಅಭ್ಯಾಸ ಮಾಡಿದ್ದವರು. ಕೈ ಎತ್ತಿದ್ದವರು ಎತ್ತಿದ ಹಾಗೇ ನಿಂತರು. ಹನ್ನೊಂದು ನಿಮಿಷ ಕತ್ತಲು. ಗಂಡಸರೆಲ್ಲ ಎದ್ದು ಹೋದರು, ಅವರಿಗೇ ಅಲ್ವಾ ತೋರಿಸಬೇಕಿದ್ದದ್ದು. ಆದ್ದರಿಂದ ಮಿಸ್, ಲೈವ್. ಮಕ್ಕಳೇ ಹಾಡಲಿ, ಒಂದು ಡೋಲಕ್ ಇರಲಿ.

ಇನ್ನೊಂದು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚನೆ ಮಾಡಿದೆ. ನಮ್ಮ ನಾಟಕದಲ್ಲಿ ಮಗಳ ಮದುವೆ ಬೇಡ ಎಂದು ಗಂಡನ ಎದುರು ನಿಲ್ಲುವ ತಾಯಿಯ ಪಾತ್ರ ಮಾಡಿದ ಹುಡುಗಿಗೆ ಮೇ ತಿಂಗಳಲ್ಲಿ ಮದುವೆ ಮಾಡಿದರು. ಹದಿನೈದು ವರ್ಷ. ನನಗೆ ಗೊತ್ತಾಗಿದ್ದು ಜೂನ್‌ನಲ್ಲಿ, ಅವಳ ಚಿಕ್ಕಪ್ಪ ಟಿಸಿ ಕೇಳಲು ಬಂದಾಗ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಅವರು ಬಂದರು, ಹೋದರು. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿ ಪ್ರಕಾರ ಆ ಮದುವೆ ಮೊದಲಿನಿಂದಲೇ ಅಸಿಂಧು. ಕಾಗದದ ಮೇಲೆ ಮದುವೆಯೇ ಅಲ್ಲ. ಆದರೆ ಹುಡುಗಿ ಶಾಲೆಗೆ ಬರಲಿಲ್ಲ. ಅವಳ ಗೆಜ್ಜೆ ಸ್ಟಾಫ್ ರೂಮಿನ ಕಪಾಟಿನಲ್ಲಿದೆ, ಹೆಸರು ಬರೆದ ಚೀಟಿ ಕಟ್ಟಿದ್ದೇನೆ. ಆ ಜೋಡಿಯನ್ನು ಬೇರೆ ಮಕ್ಕಳಿಗೆ ಕೊಡಲು ನನಗೆ ಆಗಿಲ್ಲ.

ಬಡಗುತಿಟ್ಟು ಮೇಷ್ಟ್ರು

ಮೇಷ್ಟ್ರೇ, ಅವಳಿಗೆ ಮಾತು ಇತ್ತಾ ನಾಟಕದಲ್ಲಿ?

ಹಾವೇರಿ ಕನ್ನಡ ಮೇಷ್ಟ್ರು

ಇತ್ತು ಸರ್. ಒಂದೇ ಸಾಲು. "ನನ್ನ ಮಗಳು ಹತ್ತನೇ ಕ್ಲಾಸಿನ ಪರೀಕ್ಷೆ ಬರೀತಾಳೆ."

ಕೋಟದ ಹುಡುಗ

ಇಷ್ಟೆಲ್ಲ ಮಾಡಿಯೂ ಮದುವೆ ನಿಲ್ಲಲಿಲ್ಲ ಎಂದರೆ ನೃತ್ಯದಿಂದ ಏನು ಬದಲಾಗುತ್ತದೆ? ಆ ದುಡ್ಡನ್ನು ಹುಡುಗಿಯರ ಹಾಸ್ಟೆಲಿಗೆ ಕೊಡಬಹುದಿತ್ತು.

ಕೂಡ್ಲಿಗಿಯಿಂದ

ತಮ್ಮಾ, ಅವರು ತಮ್ಮ ಜೇಬಿನಿಂದ ಹಾಕಿದ್ದಾರೆ. ಲೆಕ್ಕ ಕೇಳಲು ನೀನು ಯಾರು? ಉಳಿದ 25 ಮಕ್ಕಳ ಬಗ್ಗೆ ಒಂದು ಮಾತು ಕೇಳಿದೆಯಾ?

ಹಾವೇರಿ ಕನ್ನಡ ಮೇಷ್ಟ್ರು

ಕೇಳಿದ್ದು ತಪ್ಪೇನಲ್ಲ, ನಾನೂ ಅದನ್ನೇ ಕೇಳಿಕೊಂಡಿದ್ದೇನೆ. ಒಂದು ಹೇಳುತ್ತೇನೆ. ಮುಂದಿನ ವರ್ಷ ಎಂಟನೇ ಕ್ಲಾಸಿನ ಇಬ್ಬರು ಹುಡುಗಿಯರು ಸ್ಟಾಫ್ ರೂಮಿಗೆ ಬಂದು, ಸರ್, ಅವಳಿಗೆ ಗಂಡು ನೋಡ್ತಿದಾರೆ ಎಂದು ಗೆಳತಿಯ ಹೆಸರು ಹೇಳಿದರು. ಮದುವೆಗೆ ಮೊದಲೇ. ಆ ಮದುವೆ ನಿಂತಿದೆ, ಸದ್ಯಕ್ಕೆ.

ಹೊನ್ನಾಳಿ ಡ್ಯಾನ್ಸ್ ಮಿಸ್

ಎಲ್ಲ ಎರಡು ಸಲ ಓದಿದೆ. ರೆಕಾರ್ಡಿಂಗ್ ಬೇಡ ಎಂದು ಹೆಡ್‌ಮಿಸ್‌ಗೆ ಹೇಳಿದೆ. ಸ್ಟೇಜ್ ಬದಲು ಶಾಲೆಯ ಮಣ್ಣಿನ ಅಂಗಳದಲ್ಲೇ ಮಾಡುತ್ತೇವೆ, ಮಕ್ಕಳ ಮಂಡಿಗೂ ಅದೇ ಒಳ್ಳೆಯದು. ಭಾನುವಾರ ತಾಂಡಾಕ್ಕೆ ಹೋಗುತ್ತಿದ್ದೇನೆ. ಒಬ್ಬ ಹುಡುಗಿಯ ಅಜ್ಜಿಗೆ ಢಾವಲೊ ಬರುತ್ತದಂತೆ, ಆದರೆ ಹೊರಗಿನವರ ಮುಂದೆ ಹಾಡಿ ಗೊತ್ತಿಲ್ಲವಂತೆ. ತೀಜ್ ಬುಟ್ಟಿ ಅಕ್ಕ, ಮೊದಲ ಸಲ ಹೋಗುವಾಗ ಏನು ತೆಗೆದುಕೊಂಡು ಹೋಗಬೇಕು?

ತೀಜ್ ಬುಟ್ಟಿ

ಎಲೆ ಅಡಿಕೆ, ಬೆಲ್ಲ, ತೆಂಗಿನಕಾಯಿ. ಮೊಬೈಲ್ ಚೀಲದಲ್ಲೇ ಇರಲಿ. ಮೊದಲ ಸಲ ಹಾಡು ಕೇಳಬೇಡಿ, ಅಜ್ಜಿಗೆ ಎಷ್ಟನೇ ವಯಸ್ಸಿಗೆ ಮದುವೆಯಾಯಿತು ಎಂದು ಮಾತ್ರ ಕೇಳಿ. ಭಾನುವಾರ ನಾನೂ ಬರುತ್ತೇನೆ. ಹೊನ್ನಾಳಿ ಬಸ್ ಸ್ಟ್ಯಾಂಡಿಗೆ ಎಷ್ಟು ಗಂಟೆಗೆ ಬರಲಿ?